ಘಾಟು ಎದ್ದ ಮಧ್ಯಾಹ್ನ

ಎಪ್ಪತ್ತೆಂಟರ ಬೇಸಿಗೆ. ನನ್ನ ಮಗಳು ಮಲ್ಲಿಕಾಂಬ ಹಿರೇನಲ್ಲೂರಿನ ಗಂಡನ ಮನೆಯಿಂದ ಬುಕ್ಕಾಂಬುಧಿಗೆ ಒಬ್ಬಳೇ ಬಂದಿಳಿದಾಗ ಅವಳ ಎಡಗೈ ಮೊಣಕೈವರೆಗೂ ಬೆಂದು ಬೊಬ್ಬೆ ಎದ್ದಿತ್ತು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಸಾರಿನ ಪುಡಿ! ಅವರ ಮನೆಯ ಪುಡಿಗೆ ಚಕ್ಕೆ ಲವಂಗ ಬೀಳಬೇಕು. ನಾವು ಮೆಂತ್ಯ, ಕಡಲೆಬೇಳೆ ಹುರಿದು ಹಾಕುವವರು. ಇವಳು ರೂಢಿಯ ಮೇಲೆ ನಮ್ಮ ಮನೆಯ ಪುಡಿಯನ್ನೇ ಕುಟ್ಟಿದ್ದಾಳೆ. ಅಷ್ಟಕ್ಕೇ ಅಳಿಯ ಅಂಜಿನಪ್ಪ, "ನಿಮ್ಮವ್ವನ ಮನೆ ಸಾರು ನೀನೇ ಕುಡಿ" ಅಂತ ಕುದಿಯುವ ಸಾರನ್ನು ಅವಳ ಮೇಲೆ ಸುರಿದಿದ್ದಾನೆ. ಅವನ ಕೈ ಸೇದಿಹೋಗ!

"ಸತ್ರೂ ವಾಪಸ್ ಹೋಗಲ್ಲ ಕಣವ್ವ," ಅಂದಳು.

"ಹೋಗ್ಬೇಡ. ನಾನಿಲ್ವಾ?" ಅಂದೆ. ಹೇಳುವುದೇನೋ ಸುಲಭ. ಗಂಡ ಸತ್ತವಳು ನಾನು, ಮನೆಯಲ್ಲಿ ಇನ್ನೊಬ್ಬರ ದಿಕ್ಕಿಲ್ಲ.

ವಾರ ಕಳೆದಿರಬೇಕು. ಮಧ್ಯಾಹ್ನ ಕೊತ್ತಂಬರಿ, ಜೀರಿಗೆ ಹುರಿದು ಮೊರಕ್ಕೆ ಸುರಿದು, ಬಾಣಲೆಗೆ ಒಣಮೆಣಸಿನಕಾಯಿ ಹಾಕಿದ್ದೆ. ಅಂಜಿನಪ್ಪ, ಅವನ ಅಣ್ಣ ರಂಗಪ್ಪ ದೊಣ್ಣೆ ಹಿಡಿದು ನುಗ್ಗಿದರು. ಅಕ್ಕಪಕ್ಕದವರು ಬರದಂತೆ ರಂಗಪ್ಪ ಬಾಗಿಲು ಹಾಕಿ ಅಗುಳಿ ಜಡಿದ.

"ಏಳೇ ಮುಂಡೆ, ನಡಿ!"

ಅಂಜಿನಪ್ಪ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ದರದರ ಎಳೆದ. ತಲೆ ಕಂಬಕ್ಕೆ ಬಡಿದು ರಕ್ತ ಸುರಿಯಿತು. ಬಿಡಿಸಲು ಹೋದ ನನ್ನ ಬೆನ್ನಿಗೆ ದೊಣ್ಣೆ ಬಿತ್ತು. ಒಲೆಯ ಪಕ್ಕ ಬೋರಲು ಬಿದ್ದೆ. ಕೈಯೂರಿ ಎದ್ದೆ. ಬಾಣಲೆಯಲ್ಲಿದ್ದ ಮೆಣಸಿನಕಾಯನ್ನೆಲ್ಲ ಕೆಂಡದ ಮೇಲೆ ಸುರಿದುಬಿಟ್ಟೆ.

"ಮುಖಕ್ಕೆ ಸೆರಗು ಕಟ್ಕೊಳೇ!"

ಅಬ್ಬಬ್ಬಾ, ಆ ಘಾಟು! ಮೆಣಸಿನಕಾಯಿ ಹುರಿಯುವ ದಿನ ಜಗಲಿ ಸೇರುವ ಗಂಡಸರು ಅದನ್ನೆಲ್ಲಿ ತಡೆಯುತ್ತಾರೆ? ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡರು. ಕಣ್ಣು ಕಾಣದೆ ಗೋಡೆ ತಡವಿದರು. ಅಂಜಿನಪ್ಪ ಜಡೆ ಬಿಟ್ಟ. ಮಲ್ಲಿಕಾಂಬ ಒರಳ ಪಕ್ಕದ ಒನಕೆಯನ್ನು ಬೆಂದ ಕೈಯೂ ಸೇರಿ ಎರಡೂ ಕೈಲೆತ್ತಿ ಅವನ ಮೊಣಕಾಲಿಗೆ ಬಾರಿಸಿದಳು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಅವನು ಬಿದ್ದ. ಇನ್ನೊಂದು ಏಟು ಹೆಗಲಿಗೆ ಬಿತ್ತು. ರಂಗಪ್ಪ ಹೇಗೋ ಅಗುಳಿ ತೆಗೆದವನು ತಮ್ಮನನ್ನು ಅಲ್ಲೇ ಬಿಟ್ಟು ಓಟ ಕಿತ್ತ.

ಬಾಗಿಲು ತೆರೆದದ್ದೇ ಊರು ಸೇರಿತು. ಹಿರಿಯರಾದ ಈರಪ್ಪಜ್ಜ ಮೂಗಿಗೆ ಟವಲು ಒತ್ತಿಕೊಂಡು ಒಳಗೆ ಬಂದು, ನೆಲದಲ್ಲಿ ಹೊರಳುತ್ತಿದ್ದ ಅಳಿಯನನ್ನು ಕಂಡು ಹಣೆ ಚಚ್ಚಿಕೊಂಡರು.

"ಅಯ್ಯೋ, ಏನ್ ಮಾಡ್ಬಿಟ್ಟೆ ಮಗಾ! ಕಟ್ಕೊಂಡ ಗಂಡನ್ನ ಹಿಂಗ್ ಹೊಡುದ್ರೆ ಇನ್ ಯಾವ ಮುಖ ಇಟ್ಕೊಂಡು ಆ ಮನೆಗೆ ಹೋಗ್ತೀಯ?"

ಮಲ್ಲಿಕಾಂಬ ಒನಕೆಯನ್ನು ಕೆಳಗಿಡಲಿಲ್ಲ.

"ಅದ್ಕೇ ಕಣಜ್ಜ ಹೊಡ್ದಿದ್ದು," ಅಂದಳು.