ಎರಡೇ ಎರಡು ಪ್ಯಾಡು

ಬುರುಲ್‌ಚಾ ಬೀರು ತೆಗೆದು ನೋಡಿದಾಗ ಮೂವತ್ತು ಪ್ಯಾಡಿನ ಪೊಟ್ಟಣದಲ್ಲಿ ಉಳಿದಿದ್ದದ್ದು ಎರಡೇ ಎರಡು. ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ತಂಗಿ ತಾನೇ ಹೊಲಿದು ಕಳಿಸಿದ್ದ ಪ್ಯಾಡುಗಳು ಅವು. ಅಂಗೈಯಗಲದ ತೆಳು ಬಿಲ್ಲೆ, ಒಂದು ಕಡೆ ಮೆತ್ತನೆ ಹತ್ತಿ, ಇನ್ನೊಂದು ಕಡೆ ಅಂಟು. ರವಿಕೆಯ ಒಳಗೆ ಅಂಟಿಸಿಕೊಂಡರೆ ಎದೆಹಾಲು ಎಷ್ಟೇ ಸೋರಲಿ, ಹೊರಗೆ ಒಂದು ಚುಕ್ಕೆಯೂ ಕಾಣುವುದಿಲ್ಲ. ಅವಳು ಇವನ್ನು, ಇಬ್ಬಿಬ್ಬರು ಎದುರುಬದುರು ಕೂತು ಆಶುವಾಗಿ ಪದ ಕಟ್ಟಿ ಹಾಡುವ ಕವಿಗಳ ಪಂಥದ ದಿನಕ್ಕೆಂದೇ ಎತ್ತಿಟ್ಟಿದ್ದಳು, ಮತ್ತು ಆ ದಿನ ಇವತ್ತೇ.

"ಅತ್ತೆ, ಇದರಲ್ಲಿದ್ದ ಪ್ಯಾಡು ಏನಾಯ್ತು?"

ಅತ್ತೆ ಸೇಯಿಲ್‌ಕಾನ್ ಒಲೆ ಪಕ್ಕ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದಳು. ಲಂಗ ಮೊಣಕಾಲಿನ ಮೇಲಕ್ಕೆ ಎತ್ತಿದಳು. ಎರಡು ಮಂಡಿಯ ಮೇಲೂ ಮೂರು ಮೂರು ಪ್ಯಾಡು ಒತ್ತಾಗಿ ಅಂಟಿಕೊಂಡಿದ್ದವು.

"ಮೆತ್ತಗಿದೆ, ಅಂಟಿದೆ, ಬೆಚ್ಚಗಿದೆ. ಮಂಡಿನೋವಿಗಲ್ದೆ ಇನ್ಯಾತಕ್ಕೆ ಇರತ್ತೆ ಅಂದ್ಕೊಂಡೆ. ಹಳೇದು ಅಂಟು ಬಿಟ್ಟ ಹಾಗೆ ಹೊಸದು ಹಾಕ್ಕೊಂಡೆ. ಪೊಟ್ಟಣದ ಮೇಲಿರೋ ಆ ರಷ್ಯನ್ ಅಕ್ಷರ ನನ್ನ ಕಣ್ಣಿಗೆ ಎಲ್ಲಿ ಕಾಣ್ಬೇಕು?"

"ಅದು ಹಾಲಿಗೆ ಅತ್ತೆ. ನನ್ನ ಎದೆಗೆ."

ಮುದುಕಿ ಒಂದು ಪ್ಯಾಡಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದಳು, ಮತ್ತೆ ಅಂಟಿಸಿದಳು. "ನೋವೇನೋ ಕಮ್ಮಿಯಾಗಿದೆ," ಎಂದಳು. ಬೇರೆ ದಿನವಾಗಿದ್ದರೆ ಬುರುಲ್‌ಚಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಅಳು ಬಂತು.

ಬರದೆ ಇನ್ನೇನು? ಎರಡು ತಿಂಗಳ ಹಿಂದೆ ಒಂದು ಮದುವೆಯಲ್ಲಿ ಎಶ್ಮಂಬೆತ್‌ನ ಎದುರು ಹಾಡುತ್ತಿದ್ದಾಗ ಯಾರದೋ ಮಗು ಅತ್ತಿತ್ತು. ಮಗು ಯಾರದಾದರೇನು, ಹೆತ್ತು ಎರಡು ತಿಂಗಳಾದವಳ ಎದೆ ಕೇಳಬೇಕಲ್ಲ. ನೋಡನೋಡುತ್ತಿದ್ದಂತೆ ನೀಲಿ ಅಂಗಿಯ ಮೇಲೆ ಎರಡು ಒದ್ದೆ ಕಲೆ ಅರಳಿದವು. ಇಪ್ಪತ್ತು ವರ್ಷದಿಂದ ಪಂಥ ಗೆಲ್ಲುತ್ತ ಬಂದ ಆ ಎಶ್ಮಂಬೆತ್, "ತಂಗಿ, ಮಳೆ ಶುರುವಾಯ್ತು, ಮನೆಗೋಡು," ಎಂದು ಪದ ಕಟ್ಟಿದ. ಜನ ಬಿದ್ದು ಬಿದ್ದು ನಕ್ಕರು. ಬುರುಲ್‌ಚಾ ಕೈಲಿದ್ದ ಮೂರು ತಂತಿಯ ಕೋಮುಜ್ ವಾದ್ಯವನ್ನು ಎದೆಗೆ ಅಡ್ಡ ಹಿಡಿದು, ಅರ್ಧ ಪದಕ್ಕೇ ಎದ್ದು ಓಡಿಬಂದಳು. ಪಂಥದಲ್ಲಿ ಮಾತು ನಿಲ್ಲಿಸಿದವರು ಸೋತಂತೆ. ಅಷ್ಟಾದರೂ ಪ್ರಾಂತದ ಪಂಥಕ್ಕೆ ಅವಳನ್ನು ಕರೆದದ್ದೇ ದೊಡ್ಡದು. ಇವತ್ತೂ ಎದ್ದು ಬಂದರೆ ಇನ್ನು ಯಾವ ವೇದಿಕೆಯವರೂ ಅವಳನ್ನು ಕರೆಯುವುದಿಲ್ಲ. ಆರು ವರ್ಷದಿಂದ ಕಟ್ಟಿಕೊಂಡ ಹೆಸರು ಅಲ್ಲಿಗೆ ಮುಗಿಯಿತು.

"ನಮ್ಮ ಕಾಲದಲ್ಲಿ ಬಟ್ಟೆ ಬಿಗಿದು ಕಟ್ಕೋತಿದ್ವಿ," ಎಂದಳು ಅತ್ತೆ.

"ನಿಮ್ಮ ಕಾಲದಲ್ಲಿ ನೀವು ವೇದಿಕೆ ಮೇಲೆ ಹಾಡ್ತಿದ್ರಾ?"

"ಬಾಯಿ ನೋಡು ಇವಳದ್ದು. ಇದೇ ಬಾಯಿ ಅಲ್ಲಿ ತೆಗಿ, ಇಲ್ಲಲ್ಲ." ಮುದುಕಿ ಮಗುವನ್ನು ಎತ್ತಿಕೊಂಡಳು. "ನಡಿ. ಕಿಯಾಲ್‌ನ ನಾನೂ ಜೊತೆಗೆ ಬಂದು ನೋಡ್ಕೋತೀನಿ. ಆ ಎರಡನ್ನ ಕೊನೆ ಸುತ್ತಿಗೆ ಇಟ್ಕೊ."

ಕೊಚ್ಕೋರ್‌ನ ಸಭಾಭವನ ಕಿಕ್ಕಿರಿದಿತ್ತು. ಮೊದಲ ಎರಡು ಸುತ್ತನ್ನು ಬುರುಲ್‌ಚಾ ಮಡಿಸಿದ ಬಟ್ಟೆ ಇಟ್ಟುಕೊಂಡು, ಮೇಲೊಂದು ದಪ್ಪ ಜಾಕೀಟು ತೊಟ್ಟು ಬೆವರುತ್ತಲೇ ಗೆದ್ದಳು. ನಡುವೆ ಎರಡು ಸಲ ಪರದೆಯ ಹಿಂದೆ ಹೋಗಿ ಕಿಯಾಲ್‌ಗೆ ಹಾಲೂಡಿಸಿದಳು. ಕೊನೆಯ ಸುತ್ತಿಗೆ ಎದುರಾಳಿಯಾಗಿ ಉಳಿದವನು ಎಶ್ಮಂಬೆತ್. ಉಳಿಯದೇ ಎಲ್ಲಿ ಹೋಗುತ್ತಾನೆ ಮಹಾರಾಯ! ಬುರುಲ್‌ಚಾ ಪರದೆಯ ಹಿಂದೆ ಎರಡು ಪ್ಯಾಡಿನ ಕಾಗದ ಸುಲಿದು ರವಿಕೆಯೊಳಗೆ ಒತ್ತಿ ಅಂಟಿಸಿದಳು, ಜಾಕೀಟು ಕಳಚಿದಳು, ತೆಳು ಬಿಳಿ ರೇಷ್ಮೆ ಅಂಗಿಯಲ್ಲೇ ವೇದಿಕೆಗೆ ಬಂದಳು. ಮುಚ್ಚಿಟ್ಟುಕೊಂಡು ಹಾಡಿ ಹಾಡಿ ಸಾಕಾಗಿತ್ತು ಅವಳಿಗೆ.

ಮುಕ್ಕಾಲು ಗಂಟೆ ಇಬ್ಬರೂ ಸಮಸಮ. ಅವನು ಅವಳ ವಯಸ್ಸನ್ನು ಕೆಣಕಿದ, ಅವಳು ಅವನ ಹೊಟ್ಟೆಯನ್ನು ಆಡಿಕೊಂಡಳು. ಆಗ ಎಶ್ಮಂಬೆತ್ ಮೆಲ್ಲಗೆ ಮುಗುಳ್ನಕ್ಕು ರಾಗ ಬದಲಿಸಿದ. ತಂತಿಯ ಮೇಲೆ ಅವನ ಬೆರಳು ಬಿದ್ದ ಕೂಡಲೇ ಬುರುಲ್‌ಚಾಗೆ ಗೊತ್ತಾಯಿತು. ಮರಿಗೆ ಹಾಲು ಕೊಡದೆ ಒದೆಯುವ ಕುರಿಯನ್ನು ಒಲಿಸಲು ಹಟ್ಟಿಯಲ್ಲಿ ಹೆಂಗಸರು ಹಾಡುವ ರಾಗ ಅದು. ಅವಳ ಅಜ್ಜಿ ಹಾಡುತ್ತಿದ್ದಳು, ಅಮ್ಮ ಹಾಡುತ್ತಿದ್ದಳು.

"ತೋಯ್ ತೋಯ್ ಕುರಿಯಮ್ಮ, ಹಟ್ಟಿ ಬಿಟ್ಟು ಬಂದ್ಯಲ್ಲ,
ಮರಿ ಅಲ್ಲಿ ಅಳುತಿದ್ರೆ ನೀನಿಲ್ಲಿ ಹಾಡ್ತ್ಯಲ್ಲ,
ತೋಯ್ ತೋಯ್ ಇಳಿಸಮ್ಮ, ಕೆಚ್ಚಲು ತುಂಬಿ ಬಂತಲ್ಲ,
ರೇಷ್ಮೆ ಅಂಗಿ ನೆನೆದ್ರೆ ಊರೆಲ್ಲ ನಗ್ತದಲ್ಲ."

ಸಭೆ ಗೊಳ್ಳೆಂದಿತು. ಎಂಥ ಕಿಡಿಗೇಡಿ ನೋಡಿ. ಹಾಲು ಇಳಿಸುವ ಹಾಡನ್ನೇ ಹಾಲು ಇಳಿಸಿ ಅವಮಾನ ಮಾಡಲು ತಂದಿದ್ದ! ಆ ರಾಗಕ್ಕೋ, ಸಭೆಯ ಗದ್ದಲಕ್ಕೋ, ಪರದೆಯ ಹಿಂದೆ ಕಿಯಾಲ್ ಕಿಟಾರನೆ ಚೀರಿದಳು.

ಬುರುಲ್‌ಚಾಳ ಎದೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು, ಆಮೇಲೆ ಬೆಚ್ಚಗೆ ಹಾಲು ಇಳಿಯಿತು. ತಡೆಯುವುದೆಂದರೆ ಸೀನನ್ನು ತಡೆದಂತೆ, ಯಾರ ಕೈಲಾಗುತ್ತದೆ? ನಾಲ್ಕು ನೂರು ಜನರ ಕಣ್ಣು ಅವಳ ಬಿಳಿ ಅಂಗಿಯ ಮೇಲಿತ್ತು. ಎಶ್ಮಂಬೆತ್ ತಂತಿ ಮೀಟುತ್ತ, ಮುಂದಿನ ಪದ ನಾಲಗೆ ತುದಿಯಲ್ಲಿ ಇಟ್ಟುಕೊಂಡು ಕಾದ. ಕೋಮುಜ್ ಎತ್ತಿ ಎದೆ ಮುಚ್ಚಿಕೊಳ್ಳಬೇಕೆಂದು ಅವಳ ಕೈ ತುಡಿಯಿತು. ಅವಳು ಮುಚ್ಚಿಕೊಳ್ಳಲಿಲ್ಲ, ತಲೆ ಬಗ್ಗಿಸಿ ನೋಡಲೂ ಇಲ್ಲ.

ಅಂಗಿ ಒಣಗಿಯೇ ಇತ್ತು. ಅದು ಅವಳಿಗೆ ಗೊತ್ತಾದದ್ದು ಎಶ್ಮಂಬೆತ್‌ನ ಮುಖ ನೋಡಿ. ಅವನ ಮುಗುಳ್ನಗೆ ಬಾಡಿತ್ತು. ಕಲೆ ಬಿದ್ದೇ ಬೀಳುತ್ತದೆಂದು ಕಟ್ಟಿಟ್ಟುಕೊಂಡಿದ್ದ ಪದ ಈಗ ಎಲ್ಲಿಗೂ ಸಲ್ಲುತ್ತಿರಲಿಲ್ಲ. ಬುರುಲ್‌ಚಾ ಅವನ ರಾಗವನ್ನೇ ಹಿಡಿದಳು.

"ಹೌದಣ್ಣ, ಇಳಿದೈತೆ, ಸುಳ್ಳ್ಯಾಕೆ ಹೇಳಲಿ,
ಬೆಳ್ಳಗೆ ಬೆಚ್ಚಗೆ ಇಳಿದೈತೆ ಎರಡೂ ಎದೆಯಲಿ,
ಕಲೆ ಎಲ್ಲಿ ಅಂತ ಹುಡುಕ್ತೀಯ, ಹುಡುಕು ನಿಧಾನದಲಿ,
ತಂಗಿ ಹೊಲಿದ ಪ್ಯಾಡು ಕಾಯ್ತೈತೆ ಅಂಗಿಯ ಒಳಗಡೆಯಲಿ."

ಮೊದಲು ನಕ್ಕದ್ದು ಹೆಂಗಸರು. ಗಂಡಂದಿರ ಪಕ್ಕ ತಲೆವಸ್ತ್ರ ಬಾಯಿಗೆ ಅಡ್ಡ ಹಿಡಿದು ಕೂತಿದ್ದವರು ಬಾಯಿಬಿಟ್ಟು ನಕ್ಕರು. ಯಾರೋ ಹಿಂದಿನಿಂದ, "ಹೇಳೇ ಬುರುಲ್‌ಚಾ, ಇನ್ನೂ ಹೇಳು," ಎಂದು ಕೂಗಿದರು. ಮನೆಯಲ್ಲಿ ಗಂಡನಿಗೂ ಕಾಣದಂತೆ ಬಚ್ಚಿಡುತ್ತಿದ್ದ ವಸ್ತುವಿನ ಹೆಸರನ್ನು ಅವಳು ನಾಲ್ಕು ನೂರು ಜನರೆದುರು ಹಾಡಿದ್ದಳು, ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಅವಳು ದನಿಯನ್ನು ತಗ್ಗಿಸಿದಳು.

"ನಿನ್ನವ್ವ ನಿನ್ನ ಹೆತ್ತಾಗ ಪ್ಯಾಡೆಲ್ಲಿತ್ತು ಹೇಳಣ್ಣ,
ಒದ್ದೆ ಎದೇಲೇ ಕುರಿ ಕಾಯ್ದಳು ಹಿಮದ ಗಾಳೀಲಣ್ಣ,
ಆ ಒದ್ದೆ ಅಂಗಿ ಎಳೆದೆಳೆದು ಬೆಳೆದೋನು ನೀನೇ ಅಣ್ಣ,
ಕುಡಿದ ಬಾಯಲ್ಲಿ ಆ ಹಾಲಿಗೆ ಇವತ್ತು ನಗು ಯಾಕಣ್ಣ."

ನಗು ನಿಂತಿತು. ತಾಯಿಯ ಎದೆಹಾಲನ್ನು ಹಗುರಾಗಿ ಆಡಿದವನಿಗೆ ಈ ಬೆಟ್ಟಗಳಲ್ಲಿ ಯಾರೂ ಚಹಾ ಬಗ್ಗಿಸುವುದಿಲ್ಲ. ಇಪ್ಪತ್ತು ವರ್ಷ ಗೆದ್ದವನು ಗೆಲ್ಲುವ ಆಸೆಯಲ್ಲಿ ಅದನ್ನೇ ಮರೆತಿದ್ದ. ತಂತಿಯ ಮೇಲೆ ಅವನ ಬೆರಳು ಸುಮ್ಮನಾಯಿತು. ತೀರ್ಪುಗಾರರು ಕಾದರು, ಸಭೆ ಕಾಯಿತು. ಕೊನೆಗೆ ಅವನು ಕೋಮುಜ್ ಅನ್ನು ನೆಲದ ಮೇಲೆ ಇಟ್ಟ.

"ನೀನು ಗೆದ್ದೆ ತಂಗಿ. ತಪ್ಪಾಯ್ತು," ಎಂದ.

ಭವನ ಕಿತ್ತುಹೋಗುವ ಹಾಗೆ ಚಪ್ಪಾಳೆ ಬಿತ್ತು. ಅದರ ನಡುವೆ ಸೇಯಿಲ್‌ಕಾನ್ ಪರದೆ ಸರಿಸಿಕೊಂಡು, ಕೆಂಪಾಗಿ ಅಳುತ್ತಿದ್ದ ಮೊಮ್ಮಗಳನ್ನು ಹೊತ್ತು ನೇರ ವೇದಿಕೆಗೇ ಬಂದಳು. ಗೆದ್ದವರಿಗೆ ಹೊದಿಸುವ ಕಸೂತಿ ನಿಲುವಂಗಿ ಹಿಡಿದು ನಿರೂಪಕ ಆಗಲೇ ಹತ್ತಿರ ಬಂದಿದ್ದ.

"ಅಜ್ಜಿ, ಮೊದಲು ಬಹುಮಾನ..." ಎಂದ.

"ಮೊದಲು ಇವಳು," ಎಂದಳು ಮುದುಕಿ. "ಹಸಿದಿದ್ದಾಳೆ. ನಿನ್ನ ನಿಲುವಂಗಿಗೇನು ಹಸಿವಾ?"

ಬುರುಲ್‌ಚಾ ಪರದೆಯ ಹಿಂದೆ ಹೋಗಲಿಲ್ಲ. ಅಲ್ಲೇ ವೇದಿಕೆಯ ಕುರ್ಚಿಯಲ್ಲಿ ಕೂತು, ಅತ್ತೆಯ ಶಾಲು ಹೊದ್ದು, ಕಿಯಾಲ್‌ಳನ್ನು ಎದೆಗೆ ಹಾಕಿಕೊಂಡಳು. ಚಪ್ಪಾಳೆ ತಾನಾಗಿಯೇ ನಿಂತಿತು. ನಿರೂಪಕ ಕಕ್ಕಾಬಿಕ್ಕಿಯಾಗಿ ಅತ್ತಿತ್ತ ನೋಡುತ್ತಿದ್ದಾಗ ಎಶ್ಮಂಬೆತ್ ಎದ್ದು ಬಂದು ಅವನ ಕೈಯಿಂದ ಆ ನಿಲುವಂಗಿಯನ್ನು ತೆಗೆದುಕೊಂಡ. ಮಗು ಕುಡಿದು ಮುಗಿಸುವವರೆಗೂ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಕುರ್ಚಿಯ ಪಕ್ಕ ನಿಂತೇ ಇದ್ದ.