ಕೈಯಿರುವ ಕುರ್ಚಿ

ಬಾಂದ್ರಾದಲ್ಲಿ ಲೋಕಲ್ ರೈಲು ಹತ್ತಿದರೆ ವಡಾಳಾ ಬರುವವರೆಗೆ ಶುಭಾಂಗಿಗೆ ಒಂದೇ ಕೆಲಸ, ಫೋನಿನಲ್ಲಿ ಕುರ್ಚಿ ಹುಡುಕುವುದು. ಜಾಗ ಸಿಕ್ಕಿದ ದಿನ ಕೂತು, ಸಿಗದ ದಿನ ಕಂಬಕ್ಕೆ ಒರಗಿ ನಿಂತು. ಎರಡು ವಾರದಿಂದ ಇದೇ ಪಾಡು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕುರ್ಚಿ ಬೇಕಾಗಿದ್ದು ಅತ್ತೆ ಗಂಗುಬಾಯಿಗೆ. ಎಂಟು ತಿಂಗಳ ಹಿಂದೆ ಆಫೀಸಿನ ಗೆಳತಿಯ ಮನೆಯ ಸೋಫಾದ ಫೋಟೋ ಹೊಡೆದು, ಚಿತ್ರ ನೋಡಿ ಸಾಮಾನು ಹುಡುಕಿಕೊಡುವ ಆ್ಯಪಿಗೆ ತೋರಿಸಿದ್ದೇ ತಡ, ಶುಭಾಂಗಿಗೆ ಅಂಥದ್ದೇ ಒಂದು ಸಿಕ್ಕಿಬಿಟ್ಟಿತ್ತು. ಬೂದು ಬಣ್ಣದ್ದು, ತಗ್ಗು, ಕೂತರೆ ಮೈಯೆಲ್ಲ ಒಳಗೆ ಇಳಿಯುವಂಥದ್ದು. ಆಂಟಾಪ್ ಹಿಲ್ಲಿನ ತಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಅದಕ್ಕೆ ಜಾಗ ಮಾಡಲು, ತೀರಿಹೋದ ಮಾವ ಶೆಟ್ಟೆಪ್ಪನವರ ಸಾಗುವಾನಿ ಕುರ್ಚಿಯನ್ನು ಬಿಲ್ಡಿಂಗಿನ ವಾಚ್‌ಮನ್ ಕಾಶಪ್ಪನಿಗೆ ಕೊಟ್ಟಾಯಿತು. ಗಂಗುಬಾಯಿ ಆಗ ಬೇಡವೆನ್ನಲಿಲ್ಲ. ಎರಡು ವಾರದ ಹಿಂದೆ ಮಾತ್ರ, ಕೈಯಿರುವ ಗಟ್ಟಿ ಕುರ್ಚಿ ಒಂದಿದ್ದರೆ ಚೆನ್ನಾಗಿತ್ತು ಎಂದಳು. ಪ್ಲಾಸ್ಟಿಕ್ಕಿನದು ತಂದರೆ ಟೈಲ್ಸಿನ ಮೇಲೆ ಜಾರಿತು. ಮುದುಕರ ಹಟ, ಗಂಡನ ಕುರ್ಚಿಯ ನೆನಪು ಎಂದು ಶುಭಾಂಗಿ ಒಳಗೊಳಗೇ ಸಿಡಿಮಿಡಿಗೊಂಡಳು. ಗಂಡ ಅಮೋಲ್ ಏನು ಕೇಳಿದರೂ ‘ನೀನೇ ನೋಡು’ ಎನ್ನುವ ಆಸಾಮಿ. ಅವನ ಸುದ್ದಿ ಬಿಡಿ.

ಹಳೆಯ ಕುರ್ಚಿ ಗೇಟಿನಲ್ಲೇ ಇತ್ತು. ದಿನಕ್ಕೆರಡು ಸಲ ಅದರ ಮುಂದೆಯೇ ಹಾಯ್ದುಹೋಗಬೇಕು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಅನ್ನಿ. ಆದರೆ ಕೈಯೆತ್ತಿ ಕೊಟ್ಟಿದ್ದನ್ನು ತಿರುಗಿ ಕೇಳುವುದು ಯಾವ ಮುಖದಿಂದ? ಅದಕ್ಕೇ ಕದ್ದು ಅದರ ಫೋಟೋ ತೆಗೆದು ಹುಡುಕಿದಳು. ಕಾಶಪ್ಪ ಅದರಲ್ಲಿ ಕೂತಿದ್ದ. ಆ್ಯಪು ಸಾಲುಸಾಲಾಗಿ ಖಾಕಿ ಅಂಗಿ ತೋರಿಸಿತು. ಮರುದಿನ ಅವನು ಚಹಾಕ್ಕೆ ಎದ್ದಾಗ ಬರೀ ಕುರ್ಚಿಯ ಫೋಟೋ ಹೊಡೆದಳು. ಮದುವೆ ಮಂಟಪದ ಸಿಂಹಾಸನ ಬಂತು, ಸಲೂನಿನ ಕುರ್ಚಿ ಬಂತು, ಗೊಂಬೆಗಳಿಗೆ ಹಾಕುವ ಗೇಣುದ್ದದ ಕುರ್ಚಿಯೂ ಬಂತು. ನೋಡಿ ನೋಡಿ ಕಣ್ಣುರಿ ಬಂದಿದ್ದೊಂದೇ ಲಾಭ.

ಮನೆಗೆ ಬಂದರೆ ದಿನಾ ಅದೇ ನೋಟ. ಅತ್ತೆ ಬೆಳಿಗ್ಗೆ ಸೋಫಾದಲ್ಲಿ ಕೂತಲ್ಲೇ ಟಿವಿ ಮುಂದೆ. ಮಂಡಿ ಹಿಡಿದುಕೊಂಡಿದೆ, ಸ್ವಲ್ಪ ಕೈ ಕೊಡು ಎನ್ನುವಳು. ಎಬ್ಬಿಸಿದೊಡನೆ ಪಕ್ಕದಲ್ಲಿಟ್ಟ ನೀರಿನ ಬಾಟಲಿ ಹಿಡಿದು ಕಿಟಕಿಯ ತುಳಸಿ ಕುಂಡದತ್ತ ಹೋಗುವಳು. ನೀರು ಹೆಚ್ಚಾಗಿ ತುಳಸಿ ಹಳದಿ ಬಿದ್ದಿತ್ತು.

ಒಂದು ಬುಧವಾರ, ಕುರ್ಚಿಗೆ ಜಾಗ ಎಷ್ಟಿದೆ ನೋಡೋಣವೆಂದು ಶುಭಾಂಗಿ ಹೊರಡುವಾಗ ಕೋಣೆಯ ಫೋಟೋ ತೆಗೆದಳು. ಅದು ಮಬ್ಬಾಗಿ ಬಂದಿತ್ತೆಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಇನ್ನೊಂದು ತೆಗೆದಳು. ಆ್ಯಪು ತನ್ನ ರೂಢಿಯಂತೆ ಕಂಡ ವಸ್ತುಗಳ ಮೇಲೆಲ್ಲ ಬಿಳಿ ಚುಕ್ಕೆ ಇಟ್ಟಿತು. ಸೋಫಾದ ಮೇಲೊಂದು, ಪರದೆಯ ಮೇಲೊಂದು, ಬಾಟಲಿಯ ಮೇಲೊಂದು. ಬೆರಳು ತಪ್ಪಿ ಬಾಟಲಿಯ ಚುಕ್ಕೆಗೆ ತಾಗಿ, ಬಾಟಲಿ ದೊಡ್ಡದಾಗಿ ಕಂಡಿತು. ನೀರು ಕುತ್ತಿಗೆಯವರೆಗೆ ಇತ್ತು. ಬೆಳಗಿನ ಫೋಟೋ ತೆರೆದು ನೋಡಿದಳು. ಅದರಲ್ಲೂ ಕುತ್ತಿಗೆಯವರೆಗೇ.

“ಅತ್ತಿ, ಮುಂಜಾನಿಯಿಂದ ನೀರ ಕುಡದಿಲ್ಲೇನ್ರಿ?”

ಗಂಗುಬಾಯಿ ಟಿವಿಯಿಂದ ಕಣ್ಣು ಕೀಳಲಿಲ್ಲ. “ಕುಡದ್ರ ಬಚ್ಚಲಕ್ಕ ಹೋಗಬೇಕಾಗ್ತದವಾ. ಇದರಾಗ ಒಮ್ಮೆ ಕುಂತ್ರ ನನಗ ಏಳಾಕ ಬರೂದಿಲ್ಲ. ನೀ ಬರೂತನಾ ತಡೀಬೇಕಲ್ಲ.”

ಎಂಟು ತಿಂಗಳು! ಬೇಸಿಗೆಯೂ ಅದರಲ್ಲೇ ಕಳೆದಿತ್ತು. ಥೂ ನನ್ನ ಜನ್ಮಕ್ಕೆ, ಎಂದುಕೊಂಡಳು ಶುಭಾಂಗಿ. ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಬಿಟ್ಟು, ಒಗೆಯುವ ಕಲ್ಲಿಗೆ ಒರಗಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಮೂರು ಮಹಡಿ ಇಳಿದಳು.

“ಕಾಶಪ್ಪ ಕಾಕಾ, ಕೊಟ್ಟ ಕುರ್ಚಿ ತಿರುಗಿ ಕೇಳಾಕ ಬಂದೀನಿ,” ಎಂದಳು. ಮುಖ ಎತ್ತಲಾಗಲಿಲ್ಲ.

ಯಾಕೆ ಎಂದು ಅವನು ಕೇಳಲಿಲ್ಲ. ಎದ್ದು ಹೆಗಲ ಟವೆಲ್ಲಿನಿಂದ ಕುರ್ಚಿ ಒರೆಸಿ, ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ಕಾರಣವನ್ನು ಅವಳೇ ಅವನ ಹಿಂದೆ ಹತ್ತುತ್ತ ಹೇಳಿದಳು. ಪ್ಲಾಸ್ಟಿಕ್ ಕುರ್ಚಿ ಗೇಟಿನಲ್ಲಿ ಉಳಿಯಿತು. ಅಲ್ಲಿ ಸಿಮೆಂಟು, ಜಾರುವುದಿಲ್ಲ.

ಗಂಗುಬಾಯಿ ಕೂತಳು. ಎರಡೂ ಕೈಯನ್ನು ಕುರ್ಚಿಯ ಕೈ ಮೇಲೆ ಊರಿ ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಶುಭಾಂಗಿ ಸೋಫಾದಲ್ಲಿ ಕುಸಿದು ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಬಾಟಲಿ ತುಂಬಿ ತಂದರೆ ಅತ್ತೆ ಕೈ ಅಡ್ಡ ಹಿಡಿದಳು.

“ಇಲ್ಲಿ ಬ್ಯಾಡ. ಅಡಗಿ ಮನ್ಯಾಗ ಇಡು. ನೀರಡಸಿದ್ರ ನಾನ ಎದ್ದು ಹೋಗ್ತೀನಿ.”