ಮಗುವಾಗಿ ಕುಳಿತ ಟೀಚರ್

ಪಾಠ ಮಾಡಲು ಬಾರದವರನ್ನು ಹುಡುಕಿ, ಪಾಠ ಮಾಡುವುದು ಹೇಗೆಂದು ನಮಗೆ ಹೇಳಲು ಕಳಿಸುತ್ತಾರೆ. ದಿಗಂಬರ ಸರ್ ಹಾಗೆ ಸಂಪನ್ಮೂಲ ವ್ಯಕ್ತಿಯಾದವರು. ಖಾನಾಪುರದ ಶಾಲೆಯಲ್ಲಿ ಅವರ ಬಾಜು ಕೋಣೆ ನನ್ನದಾಗಿತ್ತು. ಅಲ್ಲಿಂದ ಕೇಳುತ್ತಿದ್ದದ್ದು ಒಂದೋ ಛಡಿಯ ಸಪ್ಪಳ, ಇಲ್ಲವೇ ಗೊರಕೆ. ಈಗ ಬೆಳಗಾವಿಯ ಮಹಾಂತೇಶ ನಗರದಲ್ಲಿ, ನಮ್ಮ ಎರಡು ದಿನದ ತರಬೇತಿಯಲ್ಲಿ ಮೈಕು ಹಿಡಿದು, ‘ಮಗುವಿನ ಮನಸ್ಸು ಹೂವು’ ಎನ್ನುತ್ತಾರೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ನಾವೇನು ಕಡಿಮೆಯೇ? ಖಾನಾಪುರ ತಾಲೂಕಿನ ಮಾಸ್ತರು, ಟೀಚರುಗಳೆಲ್ಲ ಬಸ್ಸು ಹಿಡಿದು ಬಂದು, ಅವರು ಕುಣಿಸಿದಂತೆ ಕುಣಿದು, ‘ಭಾಳ ಛಲೋ ಆತ್ರಿ’ ಎಂದು ಹಲ್ಲು ಕಿರಿಯುವವರು.

ಖರೇ ಕೆಲಸಕ್ಕೆ ಬಂದವಳು ಪ್ರಮಿಳಾ ಒಬ್ಬಳೇ. ಸವದತ್ತಿ ಕಡೆಯ ಹುಡುಗಿ, ನೌಕರಿ ಹೊಸದು, ಹಲಸಿಯ ಆಚೆ ಒಂದು ಕನ್ನಡ ಶಾಲೆ. ಅವಳ ಒಂದನೇ ತರಗತಿಯಲ್ಲಿ ಮುಗ್ಧಾ ಎಂಬ ಮಗು ಶಾಲೆಗೆ ಸೇರಿದಾಗಿನಿಂದ ಬಾಯಿ ಬಿಟ್ಟಿಲ್ಲ. ಮನೆಯಲ್ಲಿ ಮರಾಠಿಯಲ್ಲಿ ಪಟಪಟ ಮಾತಾಡುತ್ತದಂತೆ. ಹೆಡ್ ಮಾಸ್ತರರು ಮಾತ್ರ ಮಗು ಮೂಕಿ ಎಂದು ತೀರ್ಮಾನಿಸಿಬಿಟ್ಟಿದ್ದರು. ಆ ಶನಿವಾರದೊಳಗೆ ಮಾತಾಡದಿದ್ದರೆ ಅವ್ವ-ಅಪ್ಪನನ್ನು ಕರೆಸಿ, ಮೂಕರ ಶಾಲೆಗೆ ಕಳಿಸಿ ಎಂದು ಹೇಳುವವರಿದ್ದರು.

“ಮೊದಲ ನೀ ಆಕಿ ಭಾಷಾದಾಗ ನಾಕು ಮಾತು ಕಲಿಯವ್ವಾ,” ಎಂದೆ ನಾನು.

“ಕನ್ನಡ ಸಾಲ್ಯಾಗ ಮರಾಠಿ ಅಂದ್ರ ಹೆಡ್ ಮಾಸ್ತರು ಸಿಟ್ಟಿಗೇಳ್ತಾರ್ರಿ, ದಿಲಶಾದ ಬಾಯಾರ. ಸರ್‌ನ ಕೇಳ್ತೀನಿ. ಅವರು ದೊಡ್ಡ ದೊಡ್ಡ ಟ್ರೇನಿಂಗ್ ಮಾಡ್ಯಾರ.”

ಮೈಕು ಹಿಡಿದವರೆಲ್ಲ ಬಲ್ಲವರು ಎಂದು ನಂಬುವ ವಯಸ್ಸು. ಅವಳು ಕೇಳಿದಾಗಲೆಲ್ಲ ಸರ್, “ಕಡೀಕ ಹೇಳ್ತೀನಿ, ಕುಂದರವಾ,” ಎನ್ನುತ್ತಿದ್ದರು.

ಎರಡನೇ ದಿನ ಮಾದರಿ ಪಾಠ. ಈ ತರಬೇತಿಗಳ ಪದ್ಧತಿಯೇ ಅದು: ನಾವೆಲ್ಲ ಮಕ್ಕಳಾಗಿ ನೆಲದ ಮೇಲೆ ಕೂರಬೇಕು, ಅವರು ಮಾಸ್ತರಾಗಿ ಕಲಿಸಬೇಕು. ಮಂಡಿನೋವಿನ ಮಾಸ್ತರರು ಕೂಡ ಕಪ್ಪೆಯಂತೆ ಜಿಗಿದರು. ನಾನು ಕುರ್ಚಿ ಬಿಡಲಿಲ್ಲ.

ಸರ್ ಹಣ್ಣಿನ ಚಿತ್ರ ಹಿಡಿದು ಪ್ರಮಿಳಾಳ ಮುಂದೆ ನಿಂತರು. “ಇದು ಏನು, ಪುಟ್ಟಿ?”

ಅವಳು ಮಾತಾಡಲಿಲ್ಲ. ಚಿತ್ರ ನೋಡಿದಳು, ಸರ್ ಮುಖ ನೋಡಿದಳು, ತಲೆ ತಗ್ಗಿಸಿದಳು. ಮುಗ್ಧಾ ಹೇಗೆ ಕೂರುತ್ತಾಳೋ ಹಾಗೆಯೇ ಕೂತಿದ್ದಾಳೆಂದು ನನಗೆ ಕೂಡಲೇ ತಿಳಿಯಿತು. ಸರ್‌ಗೆ ತಿಳಿಯಲಿಲ್ಲ. ಹಾಡು ಹಾಡಿದರು, ಚಾಕಲೇಟು ತೋರಿಸಿದರು. ಅವಳ ತಲೆ ಮೇಲೇಳಲಿಲ್ಲ. ಯಾರೋ ಕಿಸಕ್ಕೆಂದರು.

“ಏ, ಬಾಯಾಗ ಕಡಬು ಇಟ್ಕೊಂಡೀಯೇನ? ಮೂಕಿ ಅದೀಯೇನ? ನಡಿ, ಹೊರಗ ನಿಂದ್ರ!”

ಹೂವಿನ ಮನಸ್ಸಿನವರು ಚೀರಿದ್ದಕ್ಕೆ ಮೈಕು ಕುಂಯ್‌ಗುಟ್ಟಿತು. ನಾನು ನಕ್ಕುಬಿಟ್ಟೆ. ಅಷ್ಟು ವರ್ಷದ ಸಿಟ್ಟು, ಹೊಟ್ಟೆ ತಣ್ಣಗಾಯಿತು.

ಪ್ರಮಿಳಾ ನಗಲಿಲ್ಲ. ಸುಮ್ಮನೆ ಎದ್ದು ಬಾಗಿಲಾಚೆ ಹೋಗಿ ನಿಂತಳು. ಅಲ್ಲಿಂದಲೇ, ಕಣ್ಣಲ್ಲಿ ನೀರು ತುಂಬಿಕೊಂಡು, ಕೇಳಿದಳು:

“ಸರ್, ಇಲ್ಲೀಮಟ ನಾನೂ ಮಾಡೀನ್ರಿ. ಹಾಡು, ಚಾಕಲೇಟು, ಹೊರಗ ನಿಂದರ್ಸೂದು ಎಲ್ಲಾ. ಇದರ ಮುಂದಿಂದು ಹೇಳ್ರಿ.”

ದಿಗಂಬರ ಸರ್ ಚಿತ್ರವನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲೇನೂ ಬರೆದಿರಲಿಲ್ಲ. “ಚಹಾದ ಟೈಮ್ ಆತು,” ಎಂದು ಅವಳ ಬಾಜುವಿನಿಂದಲೇ ನುಸುಳಿ ಹೋದರು. ಹಿಂದೆಯೇ ನಮ್ಮವರೂ ಉಪ್ಪಿಟ್ಟಿನ ವಾಸನೆ ಹಿಡಿದು ಓಡಿದರು. ನನ್ನ ಬಿಟ್ಟು ಒಬ್ಬರೂ ನಿಲ್ಲಲಿಲ್ಲ.

ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. “ಬಾಯಾರ, ಒಳಗ ಬಾ ಅನ್ನಾಕ ಮರಾಠಿಯೊಳಗ ಏನಂತಾರ್ರಿ?”

“ಆತ್ ಯೇ,” ಎಂದೆ.

“ಆತ್ ಯೇ,” ಎಂದು ಅವಳು ಮೆಲ್ಲಗೆ ಹೇಳಿಕೊಂಡಳು. ಎರಡು ದಿನದ ಆ ತರಬೇತಿಯಲ್ಲಿ ಯಾರಾದರೂ ಏನಾದರೂ ಕಲಿತದ್ದಿದ್ದರೆ ಅದು ಇಷ್ಟೇ.